ಆರೋಗ್ಯವಂತ ಜೊತೆಗಾರ

ಕುಷಾಯಿಗೂಡದ ತರಕಾರಿ ಗಾಡಿಗಳ ತಿರುವಿಗೆ ಬರುತ್ತಲೇ ಸೂರ್ಯಕಾಂತ ಸ್ಕೂಟರಿನ ಎಂಜಿನ್ ಆರಿಸಿದ. ಅಲ್ಲಿಂದ ಮನೆಯ ಗೇಟಿನವರೆಗೆ ರಸ್ತೆ ಇಳಿಜಾರು; ಗಾಡಿ ಸದ್ದಿಲ್ಲದೆ ತಾನೇ ಉರುಳಿಕೊಂಡು ಹೋಗುತ್ತದೆ ಎಂಬುದನ್ನು ಅವನು ಮೊನ್ನೆ ಮಂಗಳವಾರ ಕಂಡುಕೊಂಡಿದ್ದ. ಇವತ್ತು ಗುರುವಾರ. ಹನ್ನೊಂದಕ್ಕೆ ಐದು ನಿಮಿಷವಿತ್ತು. ಕಾರ್ಖಾನೆಯ ಗೇಟ್ ಪಾಸಿನಲ್ಲಿ ‘ಬ್ಯಾಂಕ್ ಕೆಲಸ’ ಎಂದು ಬರೆದು ಹೊರಬಿದ್ದಿದ್ದ, ಮಂಗಳವಾರವೂ ಅದನ್ನೇ ಬರೆದಿದ್ದ. ಸೆಕ್ಯೂರಿಟಿಯವನು ಪಾಸನ್ನು ಓದದೆಯೇ ಸಹಿ ಮಾಡಿದ್ದ. ಇಷ್ಟು ವರ್ಷ ಸುಳ್ಳು ಹೇಳದಿದ್ದವನ ಸುಳ್ಳನ್ನು ಯಾರೂ ನೋಡುವುದಿಲ್ಲ. ಉರುಳುತ್ತ ಬಂದ ಗಾಡಿಯನ್ನು ಇಸ್ತ್ರಿಯವನು ತಲೆ ಎತ್ತಿ ನೋಡಿದಾಗ ಸೂರ್ಯಕಾಂತ ಪೆಟ್ರೋಲ್ ಮುಗಿದವನಂತೆ ಟ್ಯಾಂಕಿನ ಕಡೆ ಬಗ್ಗಿ ಮುಖ ಗಂಟಿಕ್ಕಿದ. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಮೊದಲ ಮಹಡಿಯ ಬಾಗಿಲು ತೆರೆದೇ ಇತ್ತು. ಅಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಹೆಂಗಸು, “ಚೆಪ್ಪು ತೆಗಿಂದಾ ಸಾರ್?” ಎಂದಳು. ಹೌದಮ್ಮ, ಉಂಗುಷ್ಠ ಕಿತ್ತುಹೋಯಿತು ಎಂದು ಅವನು ತೆಲುಗಿನಲ್ಲೇ ಹೇಳಿ, ಕಿತ್ತುಹೋಗದ ಉಂಗುಷ್ಠ ಅವಳಿಗೆ ಕಾಣದಂತೆ ಚಪ್ಪಲಿಗಳನ್ನು ಬೆನ್ನ ಹಿಂದೆ ಸರಿಸಿಕೊಂಡ. ಐವತ್ತಾರರ ವಯಸ್ಸಿನಲ್ಲಿ, ತನ್ನದೇ ಮನೆಯ ಮೆಟ್ಟಿಲ ಮೇಲೆ, ಬರಿಗಾಲಲ್ಲಿ. ಕಿವಿಯ ಹಿಂದೆ ಬಿಸಿಯೇರಿತು. ಆದರೂ ಹತ್ತಿದ. ಕೀಲಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದ.

ನಲಿನಿ ಅಡುಗೆಮನೆಯಲ್ಲಿ ನಿಂತು ಚವಳಿಕಾಯಿ ಹೆಚ್ಚುತ್ತಿದ್ದಳು. ತಲೆ ಬಾಚಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಕೊರಳ ಪಕ್ಕ ಸ್ವಲ್ಪ ಬೆವರಿತ್ತು, ಅದು ಒಲೆಯದಿರಬಹುದು. ಆದರೆ ಒಲೆ ಹಚ್ಚಿರಲಿಲ್ಲ. ಆ ಒಂದು ಸಂಗತಿ ಅವನ ಕಣ್ಣಿಗೆ ಬಿದ್ದರೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ನಿಂತದ್ದು ಇನ್ನೊಂದು. ಅವಳಿಗೆ ಆಶ್ಚರ್ಯವೇ ಆಗಿರಲಿಲ್ಲ.

“ಬಂದ್ರೇನು? ಊಟಕ್ಕ ಇನ್ನೂ ಹೊತ್ತೈತಿ,” ಎಂದಳು.

“ಒಂದು ಕಾಗದ ಮರ್ತಿದ್ದೆ.”

“ಚಹಾ ಮಾಡ್ಲಿ?”

“ಬ್ಯಾಡ.”

ಕಪಾಟಿನಿಂದ ಹಳೆಯ ವಿದ್ಯುತ್ ಬಿಲ್ಲೊಂದನ್ನು ತೆಗೆದು ಮಡಚಿ ಜೇಬಿಗಿಟ್ಟುಕೊಂಡು ಹೊರಟ. ಮೆಟ್ಟಿಲಿಳಿಯುವಾಗ ಎದೆಯಲ್ಲಿ ಆದದ್ದನ್ನು ಗೆದ್ದವನ ಸಮಾಧಾನ ಎನ್ನಬೇಕು. ಎರಡು ಸಲ ಬಂದಿದ್ದ, ಎರಡು ಸಲವೂ ಎದ್ದೇ ನಿಂತಿದ್ದಳು. ಸಂಜೆ ಐದೂಕಾಲಿಗೆ ಅವನು ಬಂದಾಗಲೂ ನಿಂತಿರುತ್ತಾಳೆ, ರೊಟ್ಟಿ ಬಡಿಯುತ್ತಿರುತ್ತಾಳೆ, ಗಂಟೆ ಕಳೆಯುವುದರೊಳಗೆ ಗೋಡೆ ಹಿಡಿದುಕೊಂಡು ಹೋಗಿ ಮಲಗಿಬಿಡುತ್ತಾಳೆ. ರವಿವಾರ ಅವನು ಮನೆಯಲ್ಲಿದ್ದರೆ ಇಡೀ ದಿನ ಏಳುವುದಿಲ್ಲ. ಹಾಗಾದರೆ ಅವಳ ರೋಗ ಬರುವುದು ಅವನ ಮುಖ ನೋಡಿದ ಮೇಲೆ. ಲೆಕ್ಕ ಸರಿಯಾಗಿತ್ತು. ಸ್ಕೂಟರಿನ ಹಿಡಿಕೆಯ ಮೇಲಿದ್ದ ಅವನ ಎಡಗೈ ಮಣಿಕಟ್ಟಿನಲ್ಲಿ, ದಿನದ ಓಡಾಟವನ್ನು ದಾಖಲಿಸುವ ಕರಿಯ ರಬ್ಬರ್ ಪಟ್ಟಿ ಇತ್ತು. ಚವಳಿಕಾಯಿ ಹೆಚ್ಚುತ್ತಿದ್ದ ನಲಿನಿಯ ಕೈಯಲ್ಲೂ ಅಂಥದೇ ಒಂದು. ಇನ್ನೆರಡು ದಿನ ಕಳೆದರೆ ಎರಡನ್ನೂ ಬಿಚ್ಚಿ ಸಂಶೋಧನಾ ಸಂಸ್ಥೆಗೆ ಒಪ್ಪಿಸಬೇಕು. ಆಗ ತಿಳಿಯುತ್ತದೆ, ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡ.

ಕಾರ್ಖಾನೆಯಲ್ಲಿ ಅವನ ಕೆಲಸ ಇನ್‌ಸ್ಪೆಕ್ಷನ್. ಸರ್ಕ್ಯೂಟ್ ಬೋರ್ಡುಗಳನ್ನು ಭೂತಗನ್ನಡಿಯ ಕೆಳಗಿಟ್ಟು ಬೆಸುಗೆಗಳನ್ನು ನೋಡುವುದು. ಕೆಲವು ಬೆಸುಗೆಗಳು ಮೇಲಿನಿಂದ ಬೆಳ್ಳಿಯ ಹನಿಯಂತೆ ಹೊಳೆಯುತ್ತವೆ, ಒಳಗೆ ತಂತಿಗೆ ಅಂಟಿರುವುದೇ ಇಲ್ಲ. ಮೇಜಿನ ಮೇಲೆ ನಡೆಯುವ ಯಂತ್ರ ಲಾರಿಯಲ್ಲಿ ಕುಲುಕಿದರೆ ನಿಂತುಹೋಗುತ್ತದೆ. ಅಂಥದ್ದನ್ನು ಹಿಡಿಯುವ ಕಣ್ಣು ಇಡೀ ವಿಭಾಗದಲ್ಲಿ ಸೂರ್ಯಕಾಂತನದೊಂದೇ ಎಂದು ಮೇಲಿನವರೇ ಹೇಳುತ್ತಿದ್ದರು. ಆ ಕಣ್ಣನ್ನು ಅವನು ಸಂಜೆ ಮನೆಗೂ ಒಯ್ಯುತ್ತಿದ್ದ. ಮೂರೂವರೆ ವರ್ಷ. ಕೊರೋನಾದ ಎರಡನೇ ಅಲೆಯ ಮೇ ತಿಂಗಳಲ್ಲಿ ಜ್ವರ ಬಂತು, ಇಬ್ಬರಿಗೂ ಬಂತು, ಎಂಟನೇ ದಿನ ಅವನು ಎದ್ದ, ಹತ್ತನೇ ದಿನ ಅವಳ ಜ್ವರವೂ ಇಳಿಯಿತು. ಜ್ವರ ಹೋಯಿತು, ನಲಿನಿ ಮಾತ್ರ ತಿರುಗಿ ಬರಲಿಲ್ಲ. ಕಾಲೊನಿಯ ಹೆಂಗಸರ ಸೀರೆಗಳಿಗೆ ಫಾಲ್ಸು ಹಚ್ಚಿ, ಬ್ಲೌಸು ಹೊಲಿದು, ಸಂಜೆ ಕಮಲಾನಗರದವರೆಗೆ ನಡೆದುಕೊಂಡು ಹೋಗಿ ಬಂದು, ಮತ್ತೆ ಮಿಷನ್ನಿನ ಮುಂದೆ ಕೂರುತ್ತಿದ್ದವಳು ಒಂದು ಕೊಡ ನೀರು ಎತ್ತಿದರೆ ಮೂರು ದಿನ ಹಾಸಿಗೆ ಹಿಡಿಯುತ್ತಿದ್ದಳು. ಥೈರಾಯ್ಡ್ ನೋಡಿದರು. ರಕ್ತ, ಸಕ್ಕರೆ, ಹೃದಯ, ಎಲ್ಲ ನೋಡಿದರು. ಪ್ರತಿ ರಿಪೋರ್ಟಿನ ಕೊನೆಗೂ ನಾರ್ಮಲ್, ನಾರ್ಮಲ್. ಆ ಪದವನ್ನು ಓದುವಾಗ ಬೇರೆ ಗಂಡಸರಿಗೆ ಹೆದರಿಕೆ ಇಳಿಯುತ್ತದೆ. ಅವನಿಗೆ ಪ್ರತಿ ಸಲ ಸಂಶಯ ಬಿಗಿಯಾಗುತ್ತಿತ್ತು. ಒಬ್ಬ ಡಾಕ್ಟರು ಅವಳನ್ನು ಹೊರಗೆ ಕೂರಿಸಿ, ಮನಸ್ಸಿನದು, ನಡೆಸಿ, ಎಂದರು. ಅವನು ನಡೆಸಿದ. ಪಾರ್ಕಿನಲ್ಲಿ ಕೈ ಹಿಡಿದು ಮೂರು ಸುತ್ತು, ಹೆಚ್ಚು ಕಡಿಮೆ ಎಳೆದುಕೊಂಡೇ. ಅವಳು ಒಂದು ಮಾತೂ ಆಡದೆ ನಡೆದಳು. ಮರುದಿನದಿಂದ ನಾಲ್ಕು ದಿನ ಕಿಟಕಿಗೆ ಕಂಬಳಿ ಕಟ್ಟಿಸಿ ಕತ್ತಲಲ್ಲಿ ಮಲಗಿದಳು, ಚಮಚ ಬಿದ್ದ ಸದ್ದಿಗೂ ಕಿವಿ ಮುಚ್ಚಿಕೊಂಡಳು. ಅದು ಸೇಡು ಎಂದೇ ಅವನಿಗೆ ಅನ್ನಿಸಿತ್ತು. ನಡೆಸಿದ್ದಕ್ಕೆ ಸೇಡು.

“ನೀವಿಲ್ಲದಾಗ ಏನು ಮಾಡ್ತಾರಂತ ಒಮ್ಮೆ ನೋಡ್ಬೇಕ್ರಿ ಸರ್,” ಎಂದಿದ್ದ, ಪಕ್ಕದ ಮೇಜಿನ ಅಂಬಾದಾಸ, ಕ್ಯಾಂಟೀನಿನಲ್ಲಿ, ಇಡ್ಲಿ ಮುರಿಯುತ್ತ. ತಮಾಷೆಯೋ ನಿಜವೋ ಗೊತ್ತಾಗದ ದನಿಯಲ್ಲಿ. ಸೂರ್ಯಕಾಂತ ನಕ್ಕು ಬೇರೆ ಮಾತು ತೆಗೆದಿದ್ದ. ಆದರೆ ಆ ಮಾತು ಅಂಬಾದಾಸನ ಬಾಯಿಂದ ಹೊರಡುವ ಮೊದಲೇ ತನ್ನೊಳಗೆ ಇತ್ತೆಂಬುದು ಅವನಿಗೆ ಗೊತ್ತಿತ್ತು.

ಸಂಸ್ಥೆಯ ಸುದ್ದಿ ತಂದವಳು ಮಗಳು ನಿರೀಕ್ಷಾ. ಕೊಂಡಾಪುರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಅವಳು ಕೆಲಸ ಮಾಡುತ್ತಿದ್ದಳು, ಅಲ್ಲೇ ಹಾಸ್ಟೆಲಿನಲ್ಲಿದ್ದಳು. “ಅಪ್ಪಾ, ಅವ್ವಗ ಇರೋದಕ್ಕ ಒಂದು ಹೆಸರೈತಿ. ಅದರ ಕಾರಣ ಹುಡಕಾಕ ನಾಚಾರಂ ಹತ್ರ ಸಂಶೋಧನೆ ನಡದೈತಿ. ನಾ ಹೆಸರು ಕೊಟ್ಟೀನಿ,” ಎಂದು ಫೋನಿನಲ್ಲಿ ಹೇಳಿದಳು. ಕೇಳಲಿಲ್ಲ, ಹೇಳಿದಳು. ಮಗಳು ತಾಯಿಯ ಪಕ್ಷ ಎಂಬುದು ಹೊಸದಲ್ಲ. ಅವನು ಒಪ್ಪಿಕೊಂಡದ್ದು ಬೇರೆ ಕಾರಣಕ್ಕೆ. ಡಾಕ್ಟರುಗಳು ಮೇಲಿನಿಂದ ನೋಡುತ್ತಾರೆ, ಸಂಶೋಧಕರು ಒಳಗೆ ನೋಡುತ್ತಾರೆ; ಒಳಗೆ ಏನೂ ಇಲ್ಲವೆಂದು ಅವರೇ ಒಂದು ಸಲ ಬರೆದುಕೊಟ್ಟರೆ ಮುಗಿಯಿತು. ನಾಚಾರಂನ ಷೆಡ್ಡುಗಳ ನಡುವೆ, ಬಣ್ಣದ ಕಾರ್ಖಾನೆಯೊಂದರ ಕಟುವಾಸನೆಯ ಗಾಳಿಯಲ್ಲಿ ನಿಂತಿದ್ದ ಮೂರು ಮಹಡಿಯ ಆ ಕಟ್ಟಡದಲ್ಲಿ ಅವರನ್ನು ಎದುರುಗೊಂಡವಳು ಶಾಂಭವಿ ಎಂಬ ಸಂಶೋಧಕಿ. ಮೂವತ್ತರ ಆಸುಪಾಸಿನ ಹುಡುಗಿ, ಸಿಂಧನೂರಿನ ಕಡೆಯವಳು. ಇವರ ಮಾತು ಕೇಳಿದ ಕೂಡಲೇ ಹಿಂದಿ ಬಿಟ್ಟು ಕನ್ನಡಕ್ಕೆ ಬಂದಳು. ನಲಿನಿಯ ಫೈಲಿಗೆ ಕೆಂಪು ಪಟ್ಟಿ ಅಂಟಿಸಿ, ಸೂರ್ಯಕಾಂತನ ಹೆಸರಿನಲ್ಲೂ ಒಂದು ಫೈಲು ತೆರೆದು ಹಸಿರು ಪಟ್ಟಿ ಅಂಟಿಸಿದಳು.

“ನಂದ್ಯಾಕ್ರಿ?” ಎಂದ ಅವನು.

“ನೀವು ಆರೋಗ್ಯವಂತ ಜೊತೆಗಾರರು ಸರ್. ಒಂದೇ ಮನಿ, ಒಂದೇ ಊಟ, ಒಂದೇ ಗಾಳಿ. ಇವರಿಗೆ ಬಂದದ್ದು ನಿಮಗ ಯಾಕ ಬರಲಿಲ್ಲ ಅಂತ ಹೋಲಿಸಿ ನೋಡಬೇಕಲ್ಲ.”

ಆರೋಗ್ಯವಂತ ಜೊತೆಗಾರ. ಅದನ್ನು ಅವನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡ. ಬಡ್ತಿಯ ಕಾಗದದ ಮೇಲಿನ ಪದವಿಯಂತೆ ಕೇಳುತ್ತಿತ್ತು. ಇಬ್ಬರಿಂದಲೂ ರಕ್ತ ತೆಗೆದರು. ಹಿಡಿ ಇರುವ ಒಂದು ಉಪಕರಣ ಕೊಟ್ಟು ಹತ್ತು ಸಲ ಬಲವಾಗಿ ಅದುಮಲು ಹೇಳಿದರು, ಒಂದು ಗಂಟೆ ಬಿಟ್ಟು ಮತ್ತೆ ಹತ್ತು ಸಲ. ಮೊದಲ ಅದುಮಿನಲ್ಲಿ ನಲಿನಿಯ ಮುಳ್ಳು ಏರಿದ್ದನ್ನು ನೋಡಿ ಅವನು ಶಾಂಭವಿಯ ಮುಖ ನೋಡಿದ್ದ: ಕಂಡಿರಾ? ಆಮೇಲೆ ಮುಳ್ಳು ಸಲಸಲಕ್ಕೂ ಇಳಿಯುತ್ತ ಹೋಯಿತು, ಒಂದು ಗಂಟೆಯ ನಂತರ ಮೊದಲಿನ ಅರ್ಧಕ್ಕೂ ಏರಲಿಲ್ಲ. ಬೇಕೆಂದೇ ಸಡಿಲ ಹಿಡಿಯುತ್ತಿದ್ದಾಳೆ ಎಂದು ಅವನ ನಾಲಗೆಯ ತುದಿಗೆ ಬಂದಿತ್ತು. ಹುಡುಗಿ ಅದನ್ನು ಅವನ ಮುಖದಲ್ಲೇ ಓದಿದಳೋ ಏನೋ, ಬರೆಯುತ್ತಲೇ ಹೇಳಿದಳು: “ಬೇಕಂತ ಬಿಟ್ಟವರದು ಒಮ್ಮೆ ಮ್ಯಾಲ ಒಮ್ಮೆ ಕೆಳಗ ಜಿಗಿದಾಡ್ತೈತ್ರಿ. ಹಿಂಗ ಮೆಟ್ಟಿಲಾಗಿ ಇಳಿಯೂದು ಭಾಳ ಕಷ್ಟ.” ಯಾರ ಬಗ್ಗೆಯೂ ಅಲ್ಲದ ಹಾಗೆ ಹೇಳಿದಳು. ಅವನು ಕಿಟಕಿಯ ಹೊರಗೆ ನೋಡಿದ. ಆ ದಿನವೇ ಪಟ್ಟಿ ಕಟ್ಟಿದರು; ಹದಿನಾಲ್ಕು ದಿನ ಹಗಲೂ ರಾತ್ರಿ ಕೈಯಲ್ಲಿರಬೇಕು, ಕೂತದ್ದು ನಿಂತದ್ದು ಮಲಗಿದ್ದು ಎಲ್ಲ ಅದರಲ್ಲಿ ದಾಖಲಾಗುತ್ತದೆ. ಕೊನೆಗೆ ಒಂದೊಂದು ಫಾರಂ ತುಂಬಿಸಿಕೊಂಡರು. ಮನೆಯಲ್ಲಿ ಮೊದಲು ಜ್ವರ ಬಂದದ್ದು ಯಾರಿಗೆ?

ಪೆನ್ನು ಅಲ್ಲಿ ನಿಂತಿತ್ತು. ಆ ಮೇ ತಿಂಗಳಲ್ಲಿ ಕಾರ್ಖಾನೆಯಿಂದ ದೊಡ್ಡದೊಂದು ಮಾಲು ಹೋಗಬೇಕಿತ್ತು, ಇನ್‌ಸ್ಪೆಕ್ಷನ್‌ಗೆ ಅವನೊಬ್ಬನೇ ಉಳಿದಿದ್ದ. ಸೋಮವಾರ ಬೆಳಿಗ್ಗೆ ಗಂಟಲಲ್ಲಿ ಗರಗಸ ಎಳೆದ ಹಾಗಾಗಿತ್ತು. ಹೇಳಿದರೆ ಗೇಟಿನೊಳಗೆ ಬಿಡುವುದಿಲ್ಲ. ಮನೆಯಲ್ಲಿ ಹೇಳಿದರೆ ನಲಿನಿ ಹೋಗಲು ಬಿಡುವುದಿಲ್ಲ. ಲವಂಗ ಬಾಯಿಗೆ ಹಾಕಿಕೊಂಡು ಮೂರು ದಿನ ಹೋದ, ಮೂರು ದಿನ ಅವಳೊಂದಿಗೆ ಒಂದೇ ತಟ್ಟೆಯಲ್ಲಿ ಉಂಡ, ಅವಳ ಪಕ್ಕದಲ್ಲೇ ಮಲಗಿದ. ಅದು ಬರಿಯ ಶೀತವೂ ಇರಬಹುದಿತ್ತಲ್ಲ? ಇರಬಹುದಿತ್ತು. ಆ ‘ಇರಬಹುದಿತ್ತು’ ಎಂಬುದರ ಮೇಲೆಯೇ ಅವನು ಮೂರೂವರೆ ವರ್ಷ ನಿಂತಿದ್ದ. ನಲಿನಿಗೆ ರೋಗವೇ ಇಲ್ಲವೆಂದಾದರೆ, ಅದನ್ನು ತಂದವನೂ ಯಾರೂ ಇಲ್ಲ. ‘ಇಬ್ಬರಿಗೂ ಒಟ್ಟಿಗೆ’ ಎಂಬಲ್ಲಿ ಗುರುತು ಹಾಕಿ ಫಾರಂ ತಿರುವಿಟ್ಟಿದ್ದ.

ಶನಿವಾರ ಪಟ್ಟಿ ಒಪ್ಪಿಸಲು ಆಟೋದಲ್ಲಿ ಹೋದರು. ಸಂಸ್ಥೆಯ ಮೆಟ್ಟಿಲೇರಿದ್ದಕ್ಕೇ ನಲಿನಿಯ ತುಟಿ ಬೆಳ್ಳಗಾಗಿತ್ತು. ಶಾಂಭವಿ ಅವಳನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿ, ದೀಪ ಆರಿಸಿ, ಬಾಗಿಲು ಮುಂದೆ ಮಾಡಿ ಬಂದಳು. ಇದೇ ಸಮಯವೆಂದು ಸೂರ್ಯಕಾಂತ ಅವಳ ಹಿಂದೆಯೇ ವರಾಂಡಕ್ಕೆ ಹೋದ. ಮಾತನ್ನು ಎರಡು ದಿನದಿಂದ ಹೊಂದಿಸಿಟ್ಟುಕೊಂಡಿದ್ದ, ಅದು ಬಾಯಿಗೆ ಬಂದಾಗ ಮಾತ್ರ ಬೇರೆಯೇ ಆಗಿತ್ತು.

“ಮೇಡಂ, ನಿಮ್ಮ ಸಂಶೋಧನಾಕ್ಕ ತಪ್ಪು ಮಾಹಿತಿ ಹೋಗಬಾರ್ದಂತ ಹೇಳಾಕತ್ತೀನಿ. ಬ್ಯಾರೆ ಏನಿಲ್ಲ.”

“ಹೇಳ್ರಿ ಸರ್.”

“ನಾನಿಲ್ಲದಾಗ ಆಕಿ ಆರಾಮ ಇರ್ತಾಳ. ಕಣ್ಣಾರೆ ಕಂಡೀನಿ. ಎರಡು ಸಲ.”

ಶಾಂಭವಿ ಕೈಯಲ್ಲಿದ್ದ ಎರಡು ಪಟ್ಟಿಗಳನ್ನು ನೋಡಿದಳು. “ನೀವಿಲ್ಲದಾಗ ಹೆಂಗಿರ್ತಾರಂತ ನೀವು ಹೆಂಗ ಕಂಡ್ರಿ ಸರ್?” ಎಂದು ಕೇಳಿದಳು. ಅಣಕವಿರಲಿಲ್ಲ ಅದರಲ್ಲಿ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಅವನು ಬಾಯಿ ತೆರೆದ. ಬರಿಗಾಲು, ಕೈಯಲ್ಲಿ ಚಪ್ಪಲಿ, ತೆಲುಗು ಹೆಂಗಸಿನ ಅಕ್ಕಿಯ ಮೊರ, ಯಾವುದನ್ನೂ ಹೇಳುವಂತಿರಲಿಲ್ಲ. “ಏನೋ ಕೆಲಸಕ್ಕ ಮನಿಗೆ ಹೋಗಿದ್ದೆ,” ಎಂದ. “ಆಗಲಿ, ಬರ್ಕೋತೀನಿ. ನಮ್ಮ ಕೆಲಸನೂ ಸಂಶಯ ಪಡೂದೇ ಅಲ್ಲೇನ್ರಿ. ಪಟ್ಟಿಯೊಳಗ ಏನೈತಿ ನೋಡೂಣು, ಅರ್ಧಗಂಟೆ ಕೂಡ್ರಿ,” ಎಂದು ಅವಳು ಒಳಗೆ ಹೋದಳು.

ಆ ಅರ್ಧಗಂಟೆ ಅವನು ಗೋಡೆಯ ಮೇಲಿನ ಚಿತ್ರವನ್ನು ನೋಡುತ್ತ ಕೂತ. ಜೀವಕೋಶದ ಒಳಗಿನ ಚಿತ್ರ. ಅದರೊಳಗೆ ಸಣ್ಣ ಸಣ್ಣ ಒಲೆಗಳಂಥವು, ಊಟವನ್ನು ಸುಟ್ಟು ಶಕ್ತಿ ಮಾಡುವ ಜಾಗಗಳು ಎಂದು ಮೊದಲ ದಿನ ಶಾಂಭವಿ ವಿವರಿಸಿದ್ದಳು. ಈ ರೋಗದವರಲ್ಲಿ ಆ ಒಲೆಗಳು ಸರಿಯಾಗಿ ಉರಿಯುವುದಿಲ್ಲವೆಂದು ಕೆಲವರಿಗೆ ಸಂಶಯ. ಜ್ವರದ ಜೊತೆ ಕಾದಾಡಲು ಎದ್ದ ರಕ್ತದ ಸೈನ್ಯ ಜ್ವರ ಹೋದರೂ ಮಲಗಲಿಲ್ಲವೆಂದು ಇನ್ನು ಕೆಲವರಿಗೆ. ವೈರಸ್ಸಿನ ಚೂರುಗಳು ಎಲ್ಲೋ ಮೂಲೆಯಲ್ಲಿ ಉಳಿದಿವೆಯೆಂದು ಮತ್ತೆ ಕೆಲವರಿಗೆ. ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಇಷ್ಟು ಸಲೀಸಾಗಿ ಗೊತ್ತಿಲ್ಲವೆನ್ನುವ ಜನರನ್ನು ನಂಬುವುದು ಹೇಗೆ ಎಂದು ಅವನಿಗೆ ಆಗ ಅನ್ನಿಸಿತ್ತು. ಈಗ ಬೇರೆಯದೇ ಅನ್ನಿಸುತ್ತಿತ್ತು: ಒಂದು ವೇಳೆ ಪಟ್ಟಿಯಲ್ಲಿ ಅವಳು ದಿನವಿಡೀ ಓಡಾಡಿದ್ದು ಬಂದರೆ? ಗೆಲ್ಲುತ್ತೇನೆ. ಗೆದ್ದು ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಹೋಗುತ್ತೇನೆ. ಹೋಗಿ? ಅದರಾಚೆಗೆ ಅವನ ಯೋಚನೆ ಇಷ್ಟು ದಿನ ಯಾವತ್ತೂ ಹೋಗಿರಲಿಲ್ಲ.

ಶಾಂಭವಿ ಇಬ್ಬರನ್ನೂ ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದಳು. ನಲಿನಿ ಕುರ್ಚಿಯ ಬೆನ್ನಿಗೆ ತಲೆಯಾನಿಸಿ ಕಣ್ಣು ಅರ್ಧ ಮುಚ್ಚಿದ್ದಳು, ಪರದೆಯ ಬೆಳಕು ಅವಳಿಗೆ ಆಗುವುದಿಲ್ಲ. “ಮೊದಲು ಒಂದು ಸಣ್ಣ ಮಾತು,” ಎಂದಳು ಹುಡುಗಿ, ಫೈಲುಗಳನ್ನು ಬಿಡಿಸುತ್ತ. “ನಿಮ್ಮಿಬ್ಬರ ಫಾರಂ ಹೊಂದವಲ್ದು. ಸರ್ ಇಬ್ಬರಿಗೂ ಒಟ್ಟಿಗೆ ಜ್ವರ ಬಂತಂತ ಬರದಾರ. ಮೇಡಂ, ನೀವು ನನಗ ಮೊದ್ಲು ಅಂತ ಬರದೀರಿ.”

“ನನಗ ಮೊದ್ಲು ಬಂತ್ರಿ,” ಎಂದಳು ನಲಿನಿ, ಕಣ್ಣು ತೆರೆಯದೆ.

ಸೂರ್ಯಕಾಂತ ಅವಳ ಕಡೆ ತಿರುಗಿದ. ಅವಳಿಗೆ ಗೊತ್ತಿಲ್ಲವೇ? ಗೊತ್ತಿದ್ದೂ ಹೀಗೆ ಹೇಳುತ್ತಿದ್ದಾಳೆಯೇ? ಹಾಗಿದ್ದರೆ ಯಾಕೆ, ಇದರಲ್ಲಿ ಅವಳಿಗೇನು ಲಾಭ? ಅವಳ ಮುಖದಲ್ಲಿ ಏನೂ ಇರಲಿಲ್ಲ. ಭೂತಗನ್ನಡಿ ಹಿಡಿದರೂ ಏನೂ ಕಾಣುತ್ತಿರಲಿಲ್ಲ.

ಪರದೆಯ ಮೇಲೆ ದಿನಕ್ಕೊಂದು ಸಾಲಿನಂತೆ ಹದಿನಾಲ್ಕು ನೀಲಿ ಗೆರೆಗಳಿದ್ದವು. “ಇವು ಮೇಡಂ ಅವರವು,” ಎಂದು ಶಾಂಭವಿ ಪೆನ್ನಿನ ತುದಿಯಿಂದ ತೋರಿಸಿದಳು. ಬೆಳಿಗ್ಗೆ ಆರರಿಂದ ಏಳೂಮುಕ್ಕಾಲರವರೆಗೆ ಒಂದು ಗುಡ್ಡ. ಅವನು ಕೆಲಸಕ್ಕೆ ಹೊರಡುವ ಹೊತ್ತು. ಅಲ್ಲಿಂದ ಗೆರೆ ನೆಲಕ್ಕೆ ಬಿದ್ದಿತ್ತು. ಎಂಟು, ಒಂಬತ್ತು, ಹತ್ತು, ಮಧ್ಯಾಹ್ನ ಒಂದು, ಮೂರು. ನೀರಿಗೋ ಬಚ್ಚಲಿಗೋ ಎದ್ದ ಒಂದೆರಡು ಸಣ್ಣ ಮುಳ್ಳುಗಳನ್ನು ಬಿಟ್ಟರೆ ಸತ್ತ ಗೆರೆ. ನಾಲ್ಕೂಮುಕ್ಕಾಲಿಗೆ ಮತ್ತೊಂದು ಗುಡ್ಡ, ಆರರ ಸುಮಾರಿಗೆ ಇಳಿದು ಮತ್ತೆ ನೆಲ. ರವಿವಾರಗಳನ್ನು ಬಿಟ್ಟರೆ ಎಲ್ಲ ದಿನವೂ ಹಾಗೇ. “ಇಡೀ ದಿನ ಮಲಗಿ ಕೂಡಿಟ್ಟದ್ದನ್ನ ಸಂಜಿಕ ಒಂದು ತಾಸಿನ್ಯಾಗ ಖರ್ಚು ಮಾಡಾಕತ್ತಾರ,” ಎಂದಳು ಶಾಂಭವಿ. “ಆದ್ರ ಇಲ್ಲಿ ನೋಡ್ರಿ. ಈ ಮಂಗಳವಾರ, ಈ ಗುರುವಾರ. ಮಲಗಿದವರು ಹನ್ನೊಂದಕ್ಕ ಐದು ನಿಮಿಷ ಇದ್ದಾಗ ಒಮ್ಮೆಲೇ ಎದ್ದಾರ. ಭಾಳ ಜೋರಾಗಿ ಎದ್ದಾರ. ಹದಿನೈದು ನಿಮಿಷ, ಮತ್ತ ಮಲಗಿಬಿಟ್ಟಾರ. ಅದರ ಮರುದಿನ ಬೆಳಗಿನ ಗುಡ್ಡನೂ ಅರ್ಧಕ್ಕ ಇಳದೈತಿ. ಇದನ್ನ ಏನಂತ ಬರೀಬೇಕು ಮೇಡಂ? ಆ ಎರಡು ದಿನ ಏನಾಗಿತ್ತು?”

ಸೂರ್ಯಕಾಂತ ಪರದೆಯ ಮೇಲಿನ ಆ ಎರಡು ಮೊನೆಗಳನ್ನು ನೋಡುತ್ತಿದ್ದ. ಅವನು ತಿರುವಿನಲ್ಲಿ ಎಂಜಿನ್ ಆರಿಸಿದ ಹೊತ್ತು ಅದು. ಅವನು ಕಣ್ಣಾರೆ ಕಂಡದ್ದು ಆ ಹದಿನೈದು ನಿಮಿಷವನ್ನೇ. ಕಾಣಲು ಹೋಗಿದ್ದರಿಂದಲೇ ಆದ ಹದಿನೈದು ನಿಮಿಷ. ಹಚ್ಚದ ಒಲೆಯ ಮುಂದಿನ ಬೆವರು ಈಗ ನೆನಪಾಯಿತು. ಅವಳು ಈಗ ಹೇಳುತ್ತಾಳೆ. ಹೇಳಲಿ ಎಂದುಕೊಂಡ, ಹೇಳಿಬಿಟ್ಟರೆ ಒಂದು ಕೊನೆಯಾದೀತು.

“ಮಂದಿ ಬಂದಿದ್ರು,” ಎಂದಳು ನಲಿನಿ. “ಊರಿಂದ. ಎದ್ದು ಮಾತಾಡಿಸಬೇಕಾತು.”

ಶಾಂಭವಿಯ ಪೆನ್ನು ಕಾಗದದ ಮೇಲೆ ಒಂದು ಕ್ಷಣ ನಿಂತಿತು. ಅವಳು ತಲೆ ಎತ್ತಿ ಸೂರ್ಯಕಾಂತನನ್ನು ನೋಡಿದಳು. ವರಾಂಡದಲ್ಲಿ ಅವನು ಹೇಳಿದ ‘ಎರಡು ಸಲ’ ಅವಳ ಕಣ್ಣಲ್ಲಿತ್ತು. ಆಮೇಲೆ ತಲೆ ತಗ್ಗಿಸಿ ‘ಅತಿಥಿಗಳು’ ಎಂದು ಬರೆದುಕೊಂಡಳು. ಅಕ್ಷರಗಳು ಅವನಿಗೆ ತಲೆಕೆಳಗಾಗಿ ಕಂಡವು. ಹತ್ತಿರ ಹತ್ತಿರ ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿ ಅವನು ಆ ಮನೆಗೆ ಅತಿಥಿಯಾಗಿದ್ದ. ಅದೂ ಎದ್ದು ನಿಂತು ಮಾತಾಡಿಸಬೇಕಾದ ಅತಿಥಿ. ಅವಳು ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅತ್ತಿದ್ದರೆ, ನಾಟಕ ಎನ್ನಬಹುದಿತ್ತು.

“ಆ ಫಾರಂ ಕೊಡ್ರಿ ಮೇಡಂ,” ಎಂದ. “ಜ್ವರದ್ದು. ಅದು ತಪ್ಪೈತಿ. ಮೊದ್ಲು ಬಂದದ್ದು ನನಗ.”

“ಎಷ್ಟು ದಿನ ಮೊದ್ಲು?”

“ಮೂರು.”

“ಬ್ಯಾರೆ ಯಾರಿಗಾದ್ರೂ ಹೇಳಿದ್ರೇನು? ಟೆಸ್ಟ್ ಮಾಡಿಸಿದ್ರೇನು?”

“ಇಲ್ಲ. ಕೆಲಸಕ್ಕ ಹೋಗಿದ್ದೆ.”

ಶಾಂಭವಿ ತಾರೀಖು ಕೇಳಿ ತಿದ್ದಿದಳು. ಅವಳ ದನಿಯಲ್ಲಿ ತೀರ್ಪೇನೂ ಇರಲಿಲ್ಲ, ಇಬ್ಬರ ರಕ್ತ ಹೋಲಿಸಲು ಸರಿಯಾದ ದಿನ ಬೇಕಾಗುತ್ತದೆ ಎಂದಷ್ಟೇ ಹೇಳಿದಳು. ನಲಿನಿ ಆಗ ಕಣ್ಣು ತೆರೆದು ಅವನನ್ನು ನೋಡಿದಳು. “ಗೊತ್ತಿತ್ತು,” ಎಂದಳು. “ಲವಂಗದ ವಾಸನಿ ಬರ್ತಿತ್ತು.”

ಹೊರಡುವ ಮುನ್ನ ಅವನು ಬಾಗಿಲಲ್ಲಿ ನಿಂತು, “ಹಂಗಾದ್ರ ಇದು ಖರೇ ಅಂತ ಆತೇನ್ರಿ?” ಎಂದು ಕೇಳಿದ. ಏನನ್ನು ಕೇಳುತ್ತಿದ್ದೇನೆಂದು ಅವನಿಗೇ ಸ್ಪಷ್ಟವಿರಲಿಲ್ಲ. “ಅವರು ದಣಿದಾರ ಅನ್ನೂದು ಖರೇ ಸರ್,” ಎಂದಳು ಶಾಂಭವಿ. “ಯಾಕ ಅನ್ನೂದು ಗೊತ್ತಾಗಾಕ ಇನ್ನೂ ವರ್ಷ ಹಿಡೀತಾವ. ರಕ್ತ ಫ್ರೀಜರಿನ್ಯಾಗ ಐತಿ. ಔಷಧ ಅಂತ ಕೊಡಾಕ ನನ್ನ ಹತ್ರ ಏನಿಲ್ಲ. ಶಕ್ತಿ ಇದ್ದಷ್ಟರಾಗ ಇರ್ಲಿ, ಯಾರೂ ಎಬ್ಬಿಸಬ್ಯಾಡ್ರಿ.”

ಆಟೋ ಮಲ್ಲಾಪುರದ ಸಿಗ್ನಲ್ ದಾಟಿತು. ನಲಿನಿ ಸೆರಗಿನಿಂದ ಕಿವಿಗಳನ್ನು ಒತ್ತಿ ಮುಚ್ಚಿಕೊಂಡಿದ್ದಳು. ಅವನು ಒಮ್ಮೆ ಸಿಟ್ಟಾಗಲು ನೋಡಿದ: ಗೊತ್ತಿದ್ದೂ ಮೂರೂವರೆ ವರ್ಷ ಸುಮ್ಮನಿದ್ದಳಲ್ಲ, ನೋಡುತ್ತಿದ್ದಳಲ್ಲ, ಅವನು ತಾನಾಗಿ ಹೇಳುತ್ತಾನೋ ಇಲ್ಲವೋ ಎಂದು. ಸಿಟ್ಟು ಬರಲಿಲ್ಲ. ಕೊನೆಗೆ, “ನಾ ಬರೂದು ಹೆಂಗ ಗೊತ್ತಾತು? ಗಾಡಿ ಬಂದ್ ಮಾಡಿದ್ದೆ,” ಎಂದ.

“ಬಂದ್ ಮಾಡಿದ್ದಕ್ಕ ಗೊತ್ತಾತು. ನಿಮ್ಮ ಗಾಡಿ ಸಪ್ಪಳ ಮೇನ್ ರೋಡಿನಿಂದನ ಕೇಳ್ತೈತಿ ನನಗ. ದಿನಾ ಅದು ಗೇಟಿಗೆ ಬಂದು ನಿಂದರ್ತೈತಿ. ತಿರುವಿನ್ಯಾಗ ನಿಂತ್ರ, ಕದ್ದು ಬರಾಕತ್ತೀರಿ ಅಂತ ಆತಲ್ಲ.”

“ಎದ್ದ್ಯಾಕ?”

ಆಟೋ ಗುಂಡಿಯೊಂದಕ್ಕೆ ಬಿದ್ದೆದ್ದಾಗ ಅವನ ತೋಳು ಹಿಡಿದುಕೊಂಡವಳು ತಕ್ಷಣ ಬಿಟ್ಟಳು. “ಎರಡು ವರ್ಷದ ಹಿಂದ ಒಮ್ಮೆ ಮಲಗಿದ್ದಾಗ ಬಂದಿದ್ರಿ. ನೀವೇನೂ ಅನ್ಲಿಲ್ಲ. ಬಾಗಿಲದಾಗ ನಿಂತು ನೋಡಿದ್ರಿ,” ಎಂದಳು. “ಆ ಮಾರಿ ಮತ್ತ ನೋಡೂದಕ್ಕಿಂತ ಏಳೂದು ಹಗರು ಅನ್ನಿಸ್ತು.”

ಯಾವ ದಿನ, ಯಾವ ಮುಖ, ಅವನಿಗೆ ನೆನಪೇ ಇರಲಿಲ್ಲ. ನೆನಪಿಲ್ಲದ ಆ ಮುಖವನ್ನು ಹೊತ್ತುಕೊಂಡೇ ರವಿವಾರ ಕಳೆದ. ಅವಳು ಮಲಗಿಯೇ ಇದ್ದಳು. ಅವನು ಕೋಣೆಯ ಬಾಗಿಲನ್ನು ದಾಟುವಾಗಲೆಲ್ಲ ತನ್ನ ಹಣೆ, ಹುಬ್ಬು, ತುಟಿ ಯಾವ ಆಕಾರದಲ್ಲಿವೆಯೆಂದು ಯೋಚಿಸಿ, ಯೋಚಿಸಿದ್ದರಿಂದಲೇ ಅವು ಬಿಗಿದುಕೊಂಡು, ನೋಡದೆ ತಲೆ ತಗ್ಗಿಸಿ ದಾಟಿದ.

ಸೋಮವಾರ ನಾಲ್ಕೂವರೆಗೆ ಕೆಲಸದ ಮೇಜಿನಿಂದಲೇ ಮನೆಗೆ ಫೋನ್ ಮಾಡಿದ. ಅವಳು ಏಳುವ ಹೊತ್ತಿಗಿಂತ ಮೊದಲೇ ಹೇಳಬೇಕು ಎಂಬುದಷ್ಟೇ ಅವನ ತಲೆಯಲ್ಲಿತ್ತು. ಬಹಳ ಹೊತ್ತು ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಈ ಸಲ ಎತ್ತಿದಳು, ಏದುಸಿರಿತ್ತು. “ಏಳಬ್ಯಾಡ. ರೊಟ್ಟಿ ಬ್ಯಾಡ. ನಾ ಬಂದು ಅನ್ನಕ್ಕ ಇಡ್ತೀನಿ,” ಎಂದ. ಕೆಲಸದಿಂದ ಎಂದೂ ಫೋನ್ ಮಾಡಿದವನಲ್ಲ; ಇಷ್ಟು ಹೇಳಿ ಇಟ್ಟುಬಿಟ್ಟ. ಮನೆಗೆ ಬಂದಾಗ ನಲಿನಿ ಹಾಲ್‌ನಲ್ಲಿ, ಫೋನಿಟ್ಟಿದ್ದ ಮೇಜನ್ನು ಹಿಡಿದುಕೊಂಡು ನಿಂತಿದ್ದಳು.

“ಫೋನ್ ಯಾಕ ಮಾಡಿದ್ರಿ? ನಿರೀಕ್ಷಾಗ ಏನಾರ ಆತೇನು?”

“ಏನೂ ಆಗಿಲ್ಲ. ಏಳಬ್ಯಾಡ ಅನ್ನಾಕ ಮಾಡಿದ್ದೆ.”

“ಫೋನ್ ಇಲ್ಲಿತ್ತು,” ಎಂದಳು. “ಎದ್ದು ಬರಬೇಕಾತು.”

ಅವನಿಗೆ ನಗು ಬರಬೇಕಿತ್ತೋ ಏನೋ. ಅವಳು ಅವನ ಮುಖವನ್ನು ಹುಡುಕುವವಳಂತೆ ನೋಡಿದಳು. ಮೇಲಿನ ಹೊಳಪಿನ ಕೆಳಗೆ ಏನಿದೆಯೆಂದು ನೋಡುವ ನೋಟ, ಅದರ ಕಸುಬು ಅವನಿಗೆ ಚೆನ್ನಾಗಿ ಗೊತ್ತಿತ್ತು. ನೋಡಿ, ಗೋಡೆ ಹಿಡಿದುಕೊಂಡು ಹೋಗಿ ಮಲಗಿದಳು. ಅವನು ಅಕ್ಕಿ ತೊಳೆದ. ಎಷ್ಟು ನೀರು ಇಡಬೇಕೆಂದು ಗೊತ್ತಿರಲಿಲ್ಲ, ಬೆರಳಿಟ್ಟು ಅಂದಾಜು ಮಾಡಿದ. ಅವಳ ಹಾಸಿಗೆಯಿಂದ ಅಡುಗೆಮನೆಯ ಕಟ್ಟೆ ನೇರ ಕಾಣುತ್ತದೆಂಬುದು ಅವನಿಗೆ ಹೊಳೆದದ್ದು ಆಗ, ಬೆನ್ನಿನ ಮೇಲೆ ಏನೋ ನಿಂತ ಹಾಗಾದಾಗ.

“ಯಾರು ನೋಡಾಕತ್ತಾರಂತ ಇಷ್ಟೆಲ್ಲಾ ಮಾಡಾಕತ್ತೀರಿ?” ಎಂದಳು ನಲಿನಿ ಒಳಗಿನಿಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿದಳು.

ಯಾರೂ ಇಲ್ಲ ಎನ್ನಬೇಕೆಂದುಕೊಂಡ. ಅದು ನಿಜವೋ ಎಂದು ಒಂದು ಕ್ಷಣ ತನ್ನನ್ನೇ ತಡವಿ ನೋಡಿಕೊಂಡ, ನಿಜವೆನ್ನಲು ಧೈರ್ಯವಾಗಲಿಲ್ಲ.

“ನೀ ನೋಡಾಕತ್ತೀಯಲ್ಲ,” ಎಂದ.

“ಹೌದು,” ಎಂದಳು ಅವಳು. “ನೋಡಾಕತ್ತೀನಿ.”

ಅವನು ಒಲೆ ಹಚ್ಚಿದ. ಉರಿ ಸಣ್ಣದು ಮಾಡಿದ. ಅನ್ನ ಕುದಿದು ಮುಚ್ಚಳ ಅಲುಗುವವರೆಗೂ ಅಲ್ಲೇ, ಅವಳಿಗೆ ಪೂರ್ತಿ ಕಾಣುವ ಜಾಗದಲ್ಲೇ ನಿಂತಿದ್ದ, ಹಿಂತಿರುಗಿ ನೋಡಲಿಲ್ಲ.